ಇರುವ ಮನೆಯ ಹಕ್ಕು
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಇಂತಹ ಸಮಾರಂಭದಲ್ಲಿ ಕನ್ನಡ ಪಂಡಿತರನ್ನು ವೇದಿಕೆಗೆ ಕರೆದರೆ ಅವರು ಮಂಜೇಶ್ವರದ ಗೋವಿಂದ ಪೈಗಳ ಸಂಶೋಧನೆಯನ್ನೋ ಕುಂಬಳೆಯ ಪಾರ್ತಿಸುಬ್ಬನ ಪ್ರಸಂಗಗಳನ್ನೋ ಕುರಿತು ಮಾತನಾಡಬೇಕೆಂಬುದು ರೂಢಿ. ಈ ವರ್ಷ ಆ ರೂಢಿಯನ್ನು ತುಸು ಬದಿಗಿರಿಸಲು ಸಭೆಯ ಅಪ್ಪಣೆಯನ್ನು ಬೇಡುತ್ತೇವೆ. ನಾವು ಇಂದು ಹೇಳಹೊರಟಿರುವುದು ಮನೆಯ ಮಾತು. ಹತ್ತು ಸೆಂಟ್ಸು ಜಾಗದಲ್ಲಿ, ಕಾಲನಿಯ ಜೋಡಿಮನೆಯಲ್ಲಿ, ಬಾಡಿಗೆಯ ಕೋಣೆಯಲ್ಲಿ ವಾಸಿಸುವ ನಮ್ಮವರು ತಮ್ಮ ನೆಲೆಯನ್ನು ಉಳಿಸಿಕೊಳ್ಳುವುದಕ್ಕೆ ಏನನ್ನು ತಿಳಿದಿರಬೇಕೆಂಬುದೇ ಇಂದಿನ ವಿಷಯ.

ಕನ್ನಡ ಸಂಘಕ್ಕೂ ಮನೆಯ ವ್ಯಾಜ್ಯಕ್ಕೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಸಂಬಂಧ ತೀರ ಹತ್ತಿರದ್ದು. ಗಡಿನಾಡಿನಲ್ಲಿ ಭಾಷೆ ಉಳಿದಿರುವುದು ಗ್ರಂಥಾಲಯಗಳಿಂದಲ್ಲ, ಸಂಸಾರಗಳಿಂದ. ಒಂದು ಸಂಸಾರ ತನ್ನ ಜಾಗವನ್ನು ಕಳೆದುಕೊಂಡು ಬೇರೆ ಊರಿಗೆ ಹೋದರೆ ಅಲ್ಲಿ ಕನ್ನಡ ಶಾಲೆ ಇರುವುದೆಂಬ ಭರವಸೆಯಿಲ್ಲ. ಹೀಗೆ ನಾಲ್ಕು ಮನೆಗಳು ಎದ್ದುಹೋದರೆ ನಮ್ಮ ತರಗತಿಯಲ್ಲಿ ಹಾಜರಿ ಕರೆಯುವಾಗ ನಾಲ್ಕು ಹೆಸರುಗಳು ಕಡಿಮೆಯಾಗುತ್ತವೆ. ಮಕ್ಕಳ ಸಂಖ್ಯೆ ಇಳಿದರೆ ಕನ್ನಡ ವಿಭಾಗವೇ ಇಲ್ಲವಾಗುವ ಭಯ ನಮ್ಮ ಪ್ರತಿಯೊಂದು ಶಾಲೆಗೂ ಇದೆ. ಆದುದರಿಂದ ಮನೆಯನ್ನು ಉಳಿಸುವ ಕಾರ್ಯ ಭಾಷೆಯನ್ನು ಉಳಿಸುವ ಕಾರ್ಯವೂ ಹೌದು.

ಪಂಡಿತರ ಅಭ್ಯಾಸ ಪೂರ್ತಿಯಾಗಿ ಬಿಡುವಂತಹುದಲ್ಲ. ಒಂದೆರಡು ಶಬ್ದಗಳ ವಿಚಾರ ಹೇಳಿ ಮುಂದುವರಿಯುತ್ತೇವೆ. ನಮ್ಮ ಕಡೆ ಹೊಸಮನೆಯ ಪ್ರವೇಶಕ್ಕೆ 'ಮನೆ ಒಕ್ಕಲು' ಎನ್ನುತ್ತಾರೆ. 'ಒಕ್ಕಲು' ಎಂದರೆ ವಾಸ, ಸಂಸಾರ, ಜಮೀನು ಹಿಡಿದು ಗೇಯುವ ಮನೆತನ ಎಂದು ಹಲವು ಅರ್ಥಗಳಿವೆ. ಮನೆಯಿಂದ ಹೊರಡಿಸುವುದಕ್ಕೂ ನಮ್ಮಲ್ಲಿ ಇರುವ ಮಾತು 'ಒಕ್ಕಲೆಬ್ಬಿಸು' ಎಂಬುದೇ. ಹೊಗುವ ಸಂಭ್ರಮ, ಹೊರಡುವ ಸಂಕಟ ಎರಡನ್ನೂ ಒಂದೇ ಶಬ್ದದಿಂದ ಹೇಳಿದವರಿಗೆ ಇವೆರಡರ ನಡುವಿನ ಅಂತರ ಎಷ್ಟು ಕಿರಿದೆಂಬುದು ಗೊತ್ತಿದ್ದಿರಬೇಕು. ಇನ್ನು 'ಕುಡಿಕಿಡಪ್ಪು' ಎಂಬುದು ಮಲಯಾಳದ ಶಬ್ದ. ಆದರೆ ನಮಗೆ ಪರಕೀಯವಲ್ಲ. ಅದರ 'ಕುಡಿ' ನಮ್ಮ ಗುಡಿ, ಗುಡಿಸಲುಗಳ ಬಂಧು. 'ಕಿಡಪ್ಪು' ಹಳಗನ್ನಡದ 'ಕೆಡೆ' ಎಂಬ ಧಾತುವಿನ ನೆಂಟ. ಗುಡಿಸಲು ಹಾಕಿ ಬಿದ್ದುಕೊಂಡಿರುವುದು ಎಂದು ಅದರ ನೇರವಾದ ಅರ್ಥ. ಧಣಿಗಳ ಗುಡ್ಡೆಯ ಮೂಲೆಯಲ್ಲಿ ಮಣ್ಣಿನ ಗೋಡೆ ಎಬ್ಬಿಸಿ, ಮುಳಿಹುಲ್ಲನ್ನೋ ತೆಂಗಿನ ಮಡಲನ್ನೋ ಹೊದಿಸಿ, ತಲೆಮಾರುಗಳ ಕಾಲ ಹಾಗೆಯೇ ಇದ್ದವರ ಸ್ಥಿತಿಯನ್ನು ಆ ಶಬ್ದ ಯಥಾವತ್ತಾಗಿ ಹೇಳುತ್ತದೆ.

ಈ ಸ್ಥಿತಿ ಬದಲಾದ ಚರಿತ್ರೆಯಲ್ಲಿ ನಮ್ಮ ಕಾಸರಗೋಡಿಗೆ ಬಹು ದೊಡ್ಡ ಸ್ಥಾನವಿದೆ. 1956ರ ನವೆಂಬರ 1ರಂದು ಅಂದಿನ ಕಾಸರಗೋಡು ತಾಲೂಕು ಮದರಾಸು ಸಂಸ್ಥಾನದ ದಕ್ಷಿಣ ಕನ್ನಡ ಜಿಲ್ಲೆಯಿಂದ ಕೇರಳಕ್ಕೆ ಸೇರಿತು. ಮರುವರ್ಷ 1957ರ ಏಪ್ರಿಲ 5ರಂದು ಅಧಿಕಾರಕ್ಕೆ ಬಂದ ಇ. ಎಂ. ಎಸ್. ನಂಬೂದಿರಿಪಾಡರ ಸರಕಾರ ಆರನೆಯ ದಿನವೇ, ಏಪ್ರಿಲ 11ರಂದು, ಒಕ್ಕಲೆಬ್ಬಿಸುವಿಕೆಯನ್ನು ತಡೆಯುವ ಸುಗ್ರೀವಾಜ್ಞೆಯನ್ನು ಹೊರಡಿಸಿತು. ಅದರ ಬಳಿಕ ಬಂದ ಕೃಷಿಸಂಬಂಧ ಕಾಯಿದೆ ನಮ್ಮ ನೆಲದಲ್ಲೇ ಮುಗ್ಗರಿಸಿತು. ಹೊಸದುರ್ಗ ಮತ್ತು ಕಾಸರಗೋಡು ತಾಲೂಕುಗಳ ರೈತವಾರಿ ಜಮೀನುಗಳಿಗೆ ಆ ಕಾಯಿದೆ ಅನ್ವಯಿಸದೆಂದು ಕರಿಂಬಿಲ್ ಕುಂಞಿಕೋಮನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 1961ರ ಡಿಸೆಂಬರದಲ್ಲಿ ತೀರ್ಪಿತ್ತಿತು. ಆಮೇಲೆ ರಚಿತವಾದದ್ದೇ 1963ರ ಕೇರಳ ಭೂಸುಧಾರಣೆ ಕಾಯಿದೆ. 1969ರಲ್ಲಿ ಅದಕ್ಕೆ ಆದ ದೊಡ್ಡ ತಿದ್ದುಪಡಿ 1970ರ ಜನವರಿ 1ರಿಂದ ಜಾರಿಗೆ ಬಂದಿತು. ಆ ತಿದ್ದುಪಡಿಗಳನ್ನು ಪ್ರಶ್ನಿಸಿದವರು ನಮ್ಮ ಎಡನೀರು ಮಠದ ಶ್ರೀ ಕೇಶವಾನಂದ ಭಾರತೀ ಸ್ವಾಮಿಗಳು. 1973ರ ಏಪ್ರಿಲ 24ರಂದು ಬಂದ ತೀರ್ಪಿನಲ್ಲಿ ಸಂವಿಧಾನದ ಮೂಲರಚನೆಯನ್ನು ಯಾವ ಶಾಸನಸಭೆಯೂ ಕೆಡಿಸಲಾಗದೆಂಬ ತತ್ತ್ವ ದೇಶಕ್ಕೆ ದೊರೆಯಿತು. ಗುಡಿಸಲಿನವರ ಹಕ್ಕೂ ಉಳಿಯಿತು. ಕಾನೂನು ಓದುವವರೆಲ್ಲ ಎಡನೀರಿನ ಸ್ವಾಮಿಗಳ ಹೆಸರನ್ನು ಬಲ್ಲರು. ಆದರೆ ಆ ಕಾಯಿದೆಯಿಂದ ನೆಲೆ ಕಂಡ ನಮ್ಮ ಮನೆಗಳಲ್ಲಿ ಅದರೊಳಗೆ ಏನಿದೆಯೆಂದು ಬಲ್ಲವರು ಎಷ್ಟು ಮಂದಿ?

ಆದುದರಿಂದ ಅದರ ಮುಖ್ಯ ಮಾತುಗಳನ್ನು ಇಲ್ಲಿ ಹೇಳುತ್ತೇವೆ. ಸ್ವಂತ ಮನೆಯಾಗಲಿ ಮನೆ ಕಟ್ಟಲು ತಕ್ಕಷ್ಟು ಜಾಗವಾಗಲಿ ಇಲ್ಲದೆ, ಜಮೀನುದಾರನ ಅನುಮತಿಯಿಂದ ಅವನ ಜಾಗದಲ್ಲಿ ಗುಡಿಸಲು ಕಟ್ಟಿಕೊಂಡವನು ಅಥವಾ ಅವನ ಗುಡಿಸಲಿನಲ್ಲಿ ವಾಸಿಸುವವನು ಕುಡಿಕಿಡಪ್ಪುಕಾರನು. ಬಾಡಿಗೆ ಕೊಟ್ಟಿರಲಿ, ಕೊಡದಿರಲಿ, ಅದರಿಂದ ಹಕ್ಕಿಗೆ ಬಾಧೆಯಿಲ್ಲ. ಈ ಹಕ್ಕು ತಂದೆಯಿಂದ ಮಕ್ಕಳಿಗೆ ಬರುತ್ತದೆ. ಇದ್ದ ಗುಡಿಸಲನ್ನು ದುರಸ್ತಿ ಮಾಡಿಕೊಳ್ಳಬಹುದು. ಹುಲ್ಲಿನ ಮಾಡಿಗೆ ಹಂಚು ಹೊದಿಸಬಹುದು. ತಳದ ವಿಸ್ತೀರ್ಣವನ್ನು ಹೆಚ್ಚಿಸದೆ ಬೇರೆ ಸಾಮಗ್ರಿಯಿಂದ ಕಟ್ಟಬಹುದು. ಮೊದಲಿನಿಂದ ನಡೆದುಬಂದ ದಾರಿ, ನೀರು ಮುಂತಾದ ವಾಡಿಕೆಯ ಹಕ್ಕುಗಳು ಮುಂದುವರಿಯುತ್ತವೆ. ಜಮೀನುದಾರ ತನ್ನ ಕಟ್ಟಡಕ್ಕಾಗಿ ಆ ಜಾಗ ನಿಜವಾಗಿಯೂ ಬೇಕೆಂದರೆ ಬೇರೆ ತಕ್ಕ ಜಾಗವನ್ನು ಒಡೆತನ ಸಹಿತ ಕೊಡಬೇಕು. ಗುಡಿಸಲಿನ ಬೆಲೆಯನ್ನೂ ಸಾಗಿಸುವ ವೆಚ್ಚವನ್ನೂ ತೆರಬೇಕು. 'ನಾಳೆಯೇ ಎದ್ದು ಹೋಗಿ' ಎಂದು ಬಾಯಿಮಾತಿನಲ್ಲಿ ಹೇಳುವ ಅಧಿಕಾರ ಯಾರಿಗೂ ಇಲ್ಲ.

ಇದಕ್ಕಿಂತ ಮಿಗಿಲಾದ ಹಕ್ಕು ಆ ಜಾಗವನ್ನು ಕೊಂಡುಕೊಳ್ಳುವ ಹಕ್ಕು. ಪಂಚಾಯತು ಪ್ರದೇಶದಲ್ಲಿ 10 ಸೆಂಟ್ಸು, ಪುರಸಭೆಯಲ್ಲಿ 5 ಸೆಂಟ್ಸು, ನಗರ ಅಥವಾ ದೊಡ್ಡ ಪುರಸಭೆಯಲ್ಲಿ 3 ಸೆಂಟ್ಸು ಎಂಬುದು ಅದರ ಮಿತಿ. ಬೆಲೆ ಪೇಟೆಯ ದರದ ನಾಲ್ಕನೆಯ ಒಂದು ಪಾಲು. ಅದರಲ್ಲಿಯೂ ಅರ್ಧವನ್ನು ಕುಡಿಕಿಡಪ್ಪುಕಾರರ ಸಹಾಯನಿಧಿಯಿಂದ ತುಂಬಿ, ಉಳಿದುದನ್ನು ವರ್ಷವರ್ಷದ ಕಂತುಗಳಲ್ಲಿ ಕೊಡುವ ಏರ್ಪಾಡನ್ನು ಕಾಯಿದೆ ಮಾಡಿತು. ಅರ್ಜಿ ಹೋಗಬೇಕಾದದ್ದು ಲ್ಯಾಂಡ್ ಟ್ರಿಬ್ಯೂನಲ್ಲಿಗೆ. ಯಾವ ಸಿವಿಲ್ ನ್ಯಾಯಸ್ಥಾನದಲ್ಲಿ ವ್ಯಾಜ್ಯ ನಡೆಯುತ್ತಿದ್ದರೂ, ಇವನು ಕುಡಿಕಿಡಪ್ಪುಕಾರನೇ ಎಂಬ ಪ್ರಶ್ನೆ ಬಂದರೆ ಅದನ್ನು ಟ್ರಿಬ್ಯೂನಲ್ಲಿಗೇ ಕಳುಹಿಸಬೇಕು. ಹಕ್ಕು ಕಳೆದುಹೋಗುವ ದಾರಿಗಳನ್ನೂ ತಿಳಿದಿರಬೇಕು. ಪರರಿಗೆ ಹಸ್ತಾಂತರಿಸಿದರೆ, ಅಥವಾ ಎರಡು ವರ್ಷ ಎಡೆಬಿಡದೆ ವಾಸ ತಪ್ಪಿಸಿದರೆ ಒಕ್ಕಲೆಬ್ಬಿಸುವುದಕ್ಕೆ ಕಾರಣ ದೊರೆಯುತ್ತದೆ. ದುಡಿಮೆಗಾಗಿ ಮಂಗಳೂರಿಗೋ ಮುಂಬಯಿಗೋ ಕೊಲ್ಲಿದೇಶಗಳಿಗೋ ಹೋಗುವ ಸಂಸಾರಗಳು ಬೀಗ ಹಾಕಿ ಹೋಗುವ ಮುನ್ನ ಈ ಎರಡು ವರ್ಷದ ಮಾತನ್ನು ನೆನೆಯಬೇಕು.

ಎರಡನೆಯದು ಸರಕಾರ ಕೊಟ್ಟ ಮನೆ. 1972ರಲ್ಲಿ ವಸತಿಮಂತ್ರಿ ಎಂ. ಎನ್. ಗೋವಿಂದನ್ ನಾಯರ್ ಅವರ ಮುತುವರ್ಜಿಯಿಂದ 'ಲಕ್ಷಂ ವೀಡು' ಯೋಜನೆ ಆರಂಭವಾಯಿತು; ಲಕ್ಷ ಮನೆಗಳು ಎಂದು ಆ ಹೆಸರಿನ ಅರ್ಥ. ಎರಡು ಸಂಸಾರಗಳಿಗೆ ನಡುವೆ ಒಂದೇ ಗೋಡೆಯಿರುವ ಆ ಜೋಡಿಮನೆಗಳ ಕಾಲನಿಗಳನ್ನು ಕೇರಳದ ಉದ್ದಗಲಕ್ಕೂ ಕಾಣಬಹುದು. 2016ರಲ್ಲಿ ಆರಂಭವಾದ ಲೈಫ್ ಮಿಷನ್ ಮನೆಗಳು ಅದೇ ಪರಂಪರೆಯವು. ಇಂತಹ ಮನೆಯನ್ನು ಕೆಲವರು ಪಂಚಾಯತಿನ ಭಿಕ್ಷೆಯೆಂದು ತಿಳಿದು, ಮೆಂಬರರು ಮುನಿದರೆ ಬಿಡಿಸಿಯಾರೆಂದು ಹೆದರಿಕೊಂಡಿರುತ್ತಾರೆ. ಇನ್ನು ಕೆಲವರು ಮರುದಿನವೇ ಮಾರಬಹುದಾದ ಸ್ವತ್ತೆಂದು ತಿಳಿಯುತ್ತಾರೆ. ಎರಡೂ ಸರಿಯಲ್ಲ. ಮನೆಯೊಂದಿಗೆ ಬಂದ ಪಟ್ಟಾ ಅಥವಾ ಕರಾರುಪತ್ರದಲ್ಲಿ ನಿಬಂಧನೆಗಳು ಬರೆದಿರುತ್ತವೆ. ಇಂತಿಷ್ಟು ವರ್ಷ ಪರಭಾರೆ ಮಾಡಬಾರದೆಂದಿದ್ದರೆ ಆ ಅವಧಿಯಲ್ಲಿ ಮಾರಲೂ ಬಾರದು, ಮಾರುತ್ತೇನೆಂದು ಮುಂಗಡ ಹಿಡಿಯಲೂ ಬಾರದು. ನಿಬಂಧನೆಯನ್ನು ಪಾಲಿಸಿಕೊಂಡು ಬಂದವರ ಮನೆಯನ್ನು ಕಾರಣ ಕೇಳದೆ, ಉತ್ತರಕ್ಕೆ ಅವಕಾಶ ಕೊಡದೆ ಯಾವ ಮೆಂಬರರೂ ಯಾವ ಗುಮಾಸ್ತರೂ ಬಿಡಿಸಲಾರರು. ಪಟ್ಟಾ ಇನ್ನೂ ಕೈಸೇರದವರು ಅದಕ್ಕಾಗಿ ಬರೆದು ಕೇಳಬೇಕು. ಕೇಳಿದ ಅರ್ಜಿಗೆ ರಶೀದಿ ಪಡೆದಿರಬೇಕು.

ಮೂರನೆಯದು ಬಾಡಿಗೆಯ ಮನೆ. ಖಾಸಗಿ ಬಾಡಿಗೆದಾರರಿಗೆ 1965ರ ಕೇರಳ ಕಟ್ಟಡಗಳ ಗೇಣಿ ಮತ್ತು ಬಾಡಿಗೆ ನಿಯಂತ್ರಣ ಕಾಯಿದೆ, ಅದು ಅನ್ವಯವಾಗುವ ಪ್ರದೇಶಗಳಲ್ಲಿ, ರಕ್ಷೆಯಾಗಿದೆ. ಬಾಕಿ ನಿಂತಿತೆಂದು ಮಾಲಿಕರು ಬೀದಿಗೆ ಹಾಕಲಾಗದು. ಮೊದಲು ಲಿಖಿತ ನೋಟೀಸು ಕೊಡಬೇಕು. ಅದು ತಲುಪಿದ 15 ದಿನಗಳೊಳಗೆ ಬಾಕಿಯನ್ನು ಬಡ್ಡಿ ಸಹಿತ ಸಲ್ಲಿಸಿದರೆ ಆ ತಕರಾರು ಅಲ್ಲಿಗೇ ಮುಗಿಯುತ್ತದೆ. ಬಾಡಿಗೆ ನ್ಯಾಯಾಲಯ ಬಾಕಿಯ ಕಾರಣದಿಂದ ಬಿಡಿಸುವ ಆಜ್ಞೆ ಕೊಟ್ಟರೂ ಒಂದು ತಿಂಗಳೊಳಗೆ ಬಾಕಿ, ಬಡ್ಡಿ, ಖರ್ಚು ಕಟ್ಟಿದವರ ಮೇಲಿನ ಆಜ್ಞೆ ರದ್ದಾಗುತ್ತದೆ. ಆ 15 ದಿನ, ಈ ಒಂದು ತಿಂಗಳು ಇವೆಂಬುದನ್ನು ಅರಿಯದೆ ಸಾಮಾನು ಕಟ್ಟಿಕೊಂಡು ಹೊರಟವರಿಗೆ ಕಾಯಿದೆಯಿಂದ ಏನು ಪ್ರಯೋಜನ? ಬಾಡಿಗೆಯನ್ನು ಕೈಯಿಂದ ಕೈಗೆ ಕೊಟ್ಟು ರಶೀದಿ ಪಡೆಯದಿರುವುದು ನಮ್ಮಲ್ಲಿ ಒಂದು ದಾಕ್ಷಿಣ್ಯ. ರಶೀದಿ ಬೇಡುವುದು ಅವಿಶ್ವಾಸವಲ್ಲ. ಅದು ಬಾಡಿಗೆದಾರನ ಹಕ್ಕು. ಸರಕಾರದ ಕಟ್ಟಡಗಳಲ್ಲಿ ಇರುವವರಿಗೆ ಬೇರೆ ನಿಯಮವಿದೆ. ಅನಧಿಕೃತ ವಾಸವೆಂದು ಬಿಡಿಸಬೇಕಾದರೆ ಅಧಿಕಾರಿಯು ಕಾರಣ ಕೇಳುವ ನೋಟೀಸು ಕೊಟ್ಟು, ಉತ್ತರ ಕೇಳಿಯೇ ಆಜ್ಞೆ ಮಾಡಬೇಕೆಂದು ಆ ಕುರಿತಾದ 1968ರ ಕಾಯಿದೆ ಹೇಳುತ್ತದೆ.

ಯಾವ ಪಟ್ಟಾವೂ ಇಲ್ಲದವರ ವಿಷಯದಲ್ಲಿಯೂ ನ್ಯಾಯಾಲಯಗಳು ಮೌನವಾಗಿಲ್ಲ. 1985ರಲ್ಲಿ ಮುಂಬಯಿಯ ಕಾಲುದಾರಿಯ ನಿವಾಸಿಗಳ ಪ್ರಕರಣದಲ್ಲಿ, ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಅಡಗಿದೆಯೆಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. ಆ ನಿವಾಸಿಗಳು ಕಾಲುದಾರಿಯಲ್ಲಿ ಉಳಿಯುವ ಹಕ್ಕನ್ನು ಪಡೆಯಲಿಲ್ಲವೆಂಬುದನ್ನೂ ಪ್ರಾಮಾಣಿಕವಾಗಿ ಹೇಳಬೇಕು. 2024ರ ನವೆಂಬರ 13ರ ತೀರ್ಪಿನಲ್ಲಿ ಅದೇ ನ್ಯಾಯಾಲಯ, ಕಟ್ಟಡ ಕೆಡಹುವ ಮುನ್ನ ಕಡಮೆಯೆಂದರೆ 15 ದಿನಗಳ ನೋಟೀಸು ಕೊಡಬೇಕೆಂದು ವಿಧಿಸಿತು. ರಸ್ತೆ, ಕಾಲುದಾರಿ, ರೈಲುಹಳಿಯ ಬದಿ, ಹೊಳೆ, ಕೆರೆಗಳ ಮೇಲಿನ ಅಕ್ರಮ ಕಟ್ಟಡಗಳಿಗೆ ಈ ರಕ್ಷೆಯಿಲ್ಲ. ಆದುದರಿಂದ ಎಲ್ಲಿ ಮನೆ ಕಟ್ಟುತ್ತಿದ್ದೇವೆ ಎಂಬುದನ್ನು ಕಟ್ಟುವ ಮುನ್ನವೇ ವಿಚಾರಿಸುವುದು ಮೇಲು.

ಮಹನೀಯರೇ, ಇಷ್ಟೆಲ್ಲ ಹಕ್ಕುಗಳಿದ್ದೂ ಮನೆಗಳು ಹೋಗುತ್ತವೆ. ಅವು ಹೋಗುವುದು ಹೇಗೆ? ನಮ್ಮ ಶಾಲೆಯ ಮಕ್ಕಳ ತಂದೆತಾಯಿಗಳು ಕಾಗದಗಳನ್ನು ಹಿಡಿದುಕೊಂಡು ನಮ್ಮಲ್ಲಿಗೆ ಬರುವುದುಂಟು. ಅವನ್ನು ಓದಿ ಹೇಳುತ್ತ ಬಂದುದರಿಂದ ಕೆಲವು ಕಾರಣಗಳು ನಮಗೆ ಸ್ಪಷ್ಟವಾಗಿವೆ.

ಮೊದಲನೆಯದು ಓದಲಾಗದ ನೋಟೀಸು. ಬಂದ ಕಾಗದ ಮಲಯಾಳದಲ್ಲಿದೆ. ಮನೆಯ ಹಿರಿಯರಿಗೆ ಕನ್ನಡವೋ ತುಳುವೋ ಮಾತ್ರ ಗೊತ್ತು. ಕಾಗದವನ್ನು ದೇವರ ಪಟದ ಹಿಂದೆ ಸಿಕ್ಕಿಸಿಟ್ಟು, ಓದಬಲ್ಲವರು ಬಂದಾಗ ನೋಡೋಣವೆನ್ನುತ್ತಾರೆ. ಅಷ್ಟರಲ್ಲಿ ಉತ್ತರದ ಅವಧಿ ಮುಗಿದಿರುತ್ತದೆ. ಮಲಯಾಳವು ನಮ್ಮ ಸೋದರಭಾಷೆ. ಅದನ್ನು ನಮ್ಮ ಮಕ್ಕಳು ಚೆನ್ನಾಗಿ ಕಲಿಯಲಿ ಎಂಬುದೇ ನಮ್ಮ ಹಾರೈಕೆ. ಆದರೆ ಕಲಿಯದ ಮುದುಕಿಯ ಮನೆ ಅದಕ್ಕಾಗಿ ಹೋಗಬಾರದು. ಸಂವಿಧಾನದ 350ನೆಯ ಅನುಚ್ಛೇದದ ಪ್ರಕಾರ ತನ್ನ ಕುಂದುಕೊರತೆಯ ನಿವೇದನೆಯನ್ನು ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿಯಾದರೂ ಯಾವ ಅಧಿಕಾರಿಗಾದರೂ ಸಲ್ಲಿಸುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ಕೇರಳದ 1969ರ ಅಧಿಕೃತ ಭಾಷೆಗಳ ಕಾಯಿದೆಯು ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರು ಸರಕಾರದೊಂದಿಗೆ ತಮ್ಮ ಭಾಷೆಯಲ್ಲಿ ವ್ಯವಹರಿಸುವ, ಅದೇ ಭಾಷೆಯಲ್ಲಿ ಉತ್ತರ ಪಡೆಯುವ ಅವಕಾಶವನ್ನು ಗುರುತಿಸಿತು. ಕನ್ನಡದಲ್ಲಿ ಬರೆದ ಅರ್ಜಿ ಅರ್ಜಿಯೇ. ಅದನ್ನು ಬರೆಯಲು ನಾಚಬೇಕಾಗಿಲ್ಲ.

ಎರಡನೆಯದು ತಿಳಿಯದೆ ಹಾಕಿದ ಸಹಿ. 'ಇಲ್ಲೊಂದು ಹೆಬ್ಬೆಟ್ಟು ಒತ್ತಿ, ಬರಿಯ ಸಾಕ್ಷಿಗಾಗಿ' ಎಂದು ಹೇಳಿ ತಂದ ಕಾಗದ ಕರಾರುಪತ್ರವಾಗಿರಬಹುದು, ಬಿಡುಗಡೆಪತ್ರವಾಗಿರಬಹುದು. ಓದಿಸಿ ಕೇಳದ ಕಾಗದಕ್ಕೆ ಸಹಿ ಹಾಕಬೇಡಿ. ಇದರೊಂದಿಗೇ ಇನ್ನೊಂದು ಮಾತು. ಬರಿಯ ಛಾಪಾಕಾಗದದ ಮೇಲೆ ಬರೆದುಕೊಟ್ಟ ಮಾತ್ರಕ್ಕೆ ಮನೆ, ಜಾಗಗಳ ಒಡೆತನ ಬದಲಾಗದು. ನೂರು ರೂಪಾಯಿಗಳ ಮೇಲ್ಪಟ್ಟ ಸ್ಥಿರಾಸ್ತಿಯ ಕ್ರಯಕ್ಕೆ ನೋಂದಣಿ ಬೇಕೆಂದು 1882ರ ಸ್ವತ್ತು ಹಸ್ತಾಂತರ ಕಾಯಿದೆ ವಿಧಿಸಿದೆ. ಕೊಳ್ಳುವವರೂ ಕೊಡುವವರೂ ಇದನ್ನು ನೆನಪಿಡಬೇಕು.

ಮೂರನೆಯದು ತೀರಿಹೋದವರ ಹೆಸರು. ಅಜ್ಜನ ಹೆಸರಿನ ಜಾಗದಲ್ಲಿ ಮೊಮ್ಮಕ್ಕಳು ವಾಸಿಸುತ್ತಾರೆ. ತೀರ್ವೆಯ ರಶೀದಿಯೂ ಅಜ್ಜನ ಹೆಸರಿನಲ್ಲಿಯೇ. ಸರಕಾರದ ಸಹಾಯ ಬಂದಾಗ, ಬ್ಯಾಂಕಿನ ಸಾಲ ಬೇಕಾದಾಗ, ನೆರೆಯವರು ಬೇಲಿ ಸರಿಸಿದಾಗ ತೊಡಕು ತಲೆಯೆತ್ತುತ್ತದೆ. ಮನೆಯ ಯಜಮಾನರು ತೀರಿಕೊಂಡಾಗ ಮರಣದ ಪ್ರಮಾಣಪತ್ರವನ್ನೂ ತಾಲೂಕು ಕಚೇರಿಯಿಂದ ವಾರಸಿಕೆಯ ಪ್ರಮಾಣಪತ್ರವನ್ನೂ ಪಡೆದು, ವಿಲೇಜ್ ಆಫೀಸಿನ ಮೂಲಕ ಹೆಸರು ಬದಲಾವಣೆ ಮಾಡಿಸಬೇಕು. ಇಲ್ಲಿ ಅದಕ್ಕೆ 'ಪೋಕ್ಕುವರವು' ಎನ್ನುತ್ತಾರೆ. ವಾರಸುದಾರರು ಯಾರು ಎಂಬಲ್ಲಿ ಹಳೆಯ ಕಟ್ಟುಗಳ ಗೊಂದಲ ನಮ್ಮಲ್ಲಿ ಇನ್ನೂ ಇದೆ. ಅಳಿಯಸಂತಾನದ ಮಾತನ್ನು ಕೆಲವರು ಆಡುತ್ತಾರೆ. ಹಿರಿಯ ಮಗನದೇ ಎಲ್ಲವೆಂದು ಕೆಲವರು ಹೇಳುತ್ತಾರೆ. ಹಿಂದೂಗಳಲ್ಲಿ ಉಯಿಲು ಬರೆಯದೆ ತೀರಿಕೊಂಡ ಗಂಡಸಿನ ಸ್ವತ್ತು ಹೆಂಡತಿಗೆ, ತಾಯಿಗೆ, ಗಂಡುಮಕ್ಕಳಿಗೆ, ಹೆಣ್ಣುಮಕ್ಕಳಿಗೆ ಸಮವಾಗಿ ಸಲ್ಲಬೇಕೆಂಬುದು 1956ರ ಉತ್ತರಾಧಿಕಾರ ಕಾಯಿದೆಯ ಕಟ್ಟಳೆ. ಮದುವೆಯಾಗಿ ಹೋದ ಮಗಳ ಪಾಲು ಮದುವೆಯಿಂದ ಅಳಿಯದು. ಮುಸಲ್ಮಾನ, ಕ್ರೈಸ್ತ ಬಂಧುಗಳಿಗೆ ಅವರವರ ಕಾಯಿದೆಗಳಿವೆ. ವಿಧವೆಯಾದ ತಾಯಿಯನ್ನು ಮಗ ಮನೆಯಿಂದ ಹೊರಡಿಸಿದ ಸಂಗತಿ ಯಾವ ಊರಿಗೂ ಹೊಸತಲ್ಲ. ಆ ಮನೆಯಲ್ಲಿ ತನಗೂ ಪಾಲಿದೆಯೆಂಬುದು ಆ ತಾಯಿಗೆ ತಿಳಿದಿದ್ದರೆ ಮಾತು ಬೇರೆಯೇ ಆಗುತ್ತಿತ್ತು.

ನಾಲ್ಕನೆಯದು ಸಾಲ. ಮಗಳ ಮದುವೆಗೆಂದು, ಆಸ್ಪತ್ರೆಯ ವೆಚ್ಚಕ್ಕೆಂದು, ಮಗನ ಕೊಲ್ಲಿಯ ಪ್ರಯಾಣಕ್ಕೆಂದು ಇರುವ ಒಂದೇ ಮನೆಯ ಆಧಾರಪತ್ರವನ್ನು ಅಡವಿಡುತ್ತಾರೆ. 2002ರ ಸರ್ಫೇಸಿ ಕಾಯಿದೆಯಂತೆ ಬ್ಯಾಂಕು ಮನೆಯನ್ನು ಹಿಡಿಯುವ ಮುನ್ನ 60 ದಿನಗಳ ನೋಟೀಸು ಕೊಡಬೇಕು. ಆ ಅವಧಿಯಲ್ಲಿ ಆಕ್ಷೇಪ ಬರೆದರೆ ಬ್ಯಾಂಕು ಕಾರಣ ಸಹಿತ ಉತ್ತರಿಸಬೇಕು. ಹಿಡಿಯುವ ಕ್ರಮ ಕೈಗೊಂಡರೆ 45 ದಿನಗಳೊಳಗೆ ಸಾಲ ವಸೂಲಿ ಟ್ರಿಬ್ಯೂನಲ್ಲಿಗೆ ಹೋಗಬಹುದು. ನೋಟೀಸಿಗೆ ಅಂಜಿ ಬಾಗಿಲು ಮುಚ್ಚಿಕೊಳ್ಳುವುದಕ್ಕಿಂತ ಮೊದಲ ವಾರದಲ್ಲಿಯೇ ಬ್ಯಾಂಕಿಗೆ ಹೋಗಿ ಕಂತಿನ ಮಾತಾಡುವುದು ಲೇಸು. ಸಾಮಾನ್ಯ ಸಾಲದ ಡಿಕ್ರಿಯಲ್ಲಿ ಕೃಷಿಕನ, ಕೂಲಿಕಾರನ ವಾಸದ ಸ್ವಂತ ಮನೆಯನ್ನು ಜಪ್ತಿ ಮಾಡಬಾರದೆಂದು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮು ಹೇಳುತ್ತದೆ. ಆ ಮನೆಯನ್ನೇ ಅಡವಿಟ್ಟವರಿಗೆ ಈ ಆಶ್ರಯ ದೊರೆಯದು. ಆದುದರಿಂದ ಅಡವಿನ ಕಾಗದಕ್ಕೆ ಸಹಿ ಹಾಕುವ ದಿನವೇ ಮನೆಯವರೆಲ್ಲ ಕೂತು ವಿಚಾರಿಸಬೇಕು.

ಇನ್ನು ನಮ್ಮ ಸಂಘ ಮಾಡಬಹುದಾದ ಕೆಲಸದ ಬಗೆಗೆ ಎರಡು ಬಿನ್ನಹಗಳು. ತಿಂಗಳಿಗೊಂದು ಭಾನುವಾರ ಸಂಘದ ಕೋಣೆಯಲ್ಲಿ 'ಕಾಗದ ಓದುವ ದಿನ'ವನ್ನು ಇಟ್ಟುಕೊಳ್ಳೋಣ. ಎರಡೂ ಲಿಪಿಗಳನ್ನು ಬಲ್ಲ ನಮ್ಮ ಮೇಲ್ತರಗತಿಯ ವಿದ್ಯಾರ್ಥಿಗಳು ಬಂದವರ ನೋಟೀಸುಗಳನ್ನು ಓದಿ ಹೇಳಲಿ. ಉತ್ತರ ಕೊಡಬೇಕಾದ ಕೊನೆಯ ದಿನವನ್ನು ಕಾಗದದ ತಲೆಯ ಮೇಲೆ ಕನ್ನಡದಲ್ಲಿ ಬರೆದುಕೊಡಲಿ. ಪತ್ರಲೇಖನದ ಪಾಠ ಪರೀಕ್ಷೆಗೆ ಮಾತ್ರವಲ್ಲವೆಂಬುದು ಅವರಿಗೂ ತಿಳಿಯಲಿ. ಆದರೆ ಕಾನೂನಿನ ಸಲಹೆಯನ್ನು ನಾವು ಪಂಡಿತರು ಕೊಡಹೋಗಬಾರದು, ಅದಕ್ಕೆ ವಕೀಲರಿದ್ದಾರೆ. ವಕೀಲರಿಗೆ ಕೊಡಲು ಹಣವಿಲ್ಲವೆಂದು ಹಿಂಜರಿಯಬೇಕಾಗಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯಿದೆಯಂತೆ ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡಗಳವರಿಗೆ, ಅಂಗವಿಕಲರಿಗೆ ವರಮಾನ ಎಷ್ಟಿದ್ದರೂ, ಉಳಿದ ಬಡವರಿಗೆ ವರಮಾನದ ಮಿತಿಗೊಳಪಟ್ಟು, ಧರ್ಮಾರ್ಥವಾಗಿ ವಕೀಲರ ಸಹಾಯ ದೊರೆಯುತ್ತದೆ. ತಾಲೂಕು ಕಾನೂನು ಸೇವಾ ಸಮಿತಿಗೆ ಒಂದು ಅರ್ಜಿ ಸಾಕು.

ಎರಡನೆಯ ಬಿನ್ನಹ ಪ್ರತಿಯೊಂದು ಮನೆಗೆ. ಒಂದು ತಗಡಿನ ಪೆಟ್ಟಿಗೆಯನ್ನು ಇದಕ್ಕೆಂದೇ ಇರಿಸಿಕೊಳ್ಳಿ. ಪಟ್ಟಾ ಅಥವಾ ಕ್ರಯದ ಪ್ರಮಾಣಪತ್ರ, ತೀರ್ವೆಯ ರಶೀದಿಗಳು, ಮನೆತೆರಿಗೆಯ ರಶೀದಿಗಳು, ಬಾಡಿಗೆಯ ರಶೀದಿಗಳು, ವಿದ್ಯುತ್ತಿನ ಬಿಲ್ಲುಗಳು, ರೇಷನ್ ಕಾರ್ಡು, ಬಂದ ನೋಟೀಸು ಮತ್ತು ಅದರ ಲಕೋಟೆ, ಕೊಟ್ಟ ಅರ್ಜಿಯ ಪ್ರತಿ ಇವೆಲ್ಲ ಅದರಲ್ಲಿರಲಿ. ಎಷ್ಟೋ ವ್ಯಾಜ್ಯಗಳಲ್ಲಿ ಇಂತಹ ಹಳೆಯ ರಶೀದಿಯೇ ದೀರ್ಘಕಾಲದ ವಾಸಕ್ಕೆ ಸಾಕ್ಷಿಯಾಗಬಲ್ಲದು. ಮಳೆಗಾಲದಲ್ಲಿ ಪೆಟ್ಟಿಗೆಯನ್ನು ಮಾಡು ಸೋರದ ಕಡೆ ಇಡಬೇಕು. ಅದರಲ್ಲಿ ಏನೇನಿದೆಯೆಂಬುದು ಮನೆಯ ಯಜಮಾನನಿಗೆ ಮಾತ್ರವಲ್ಲದೆ ಯಜಮಾನಿತಿಗೂ ಬೆಳೆದ ಮಕ್ಕಳಿಗೂ ಗೊತ್ತಿರಬೇಕು.

ಹಕ್ಕಿನೊಂದಿಗೆ ಹೊಣೆಯೂ ಬರುತ್ತದೆ. ಬಾಡಿಗೆಯನ್ನೂ ತೆರಿಗೆಯನ್ನೂ ಕಾಲಕ್ಕೆ ಸರಿಯಾಗಿ ಕೊಡುವುದು, ಕಾಲನಿಯ ನಡುಗೋಡೆಯನ್ನು ಎರಡೂ ಮನೆಯವರು ಕೂಡಿ ದುರಸ್ತಿ ಮಾಡುವುದು, ನೆರೆಯವರ ದಾರಿಯನ್ನು ಕಟ್ಟದಿರುವುದು, ಇಲ್ಲದ ಹಕ್ಕನ್ನು ಸುಳ್ಳು ಸಾಕ್ಷಿಯಿಂದ ಸಾಧಿಸದಿರುವುದು ಇವು ಒಕ್ಕಲಿನ ಧರ್ಮ. ಜಾಗ ಬಿಟ್ಟುಕೊಟ್ಟ ಮನೆತನಗಳೂ ನಮ್ಮ ನಡುವೆಯೇ ಇವೆ, ಈ ಸಭೆಯಲ್ಲಿಯೂ ಇವೆ. ಅವರಲ್ಲಿ ಅನೇಕರು ದೊಡ್ಡ ಧಣಿಗಳಾಗಿರಲಿಲ್ಲ. ಕಾಯಿದೆಯಿಂದ ಅವರಿಗೂ ನೋವಾಗಿದೆ. ಹಳೆಯ ವೈರವನ್ನು ಕೆದಕದೆ ಕಾಗದಗಳನ್ನು ನೇರ್ಪಡಿಸಿಕೊಂಡರೆ ಎರಡು ಕಡೆಯವರ ಮೊಮ್ಮಕ್ಕಳೂ ಒಂದೇ ಬೆಂಚಿನಲ್ಲಿ ಕೂತು ಕನ್ನಡ ಕಲಿಯಬಹುದು.

 ಕಾಗದ ಓದುವ ದಿನಕ್ಕೆ ಕೋಣೆಯ ಬೀಗದ ಕೈಯನ್ನು ಕಾರ್ಯದರ್ಶಿಗಳು ಕೊಡುವುದಾದರೆ ಬರುವ ತಿಂಗಳ ಮೊದಲ ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ನಾವೂ ನಮ್ಮ ವಿದ್ಯಾರ್ಥಿಗಳೂ ಅಲ್ಲಿರುತ್ತೇವೆ. ಮನೆಯಲ್ಲಿ ಓದದೆ ಉಳಿದ ಕಾಗದವಿದ್ದವರು ಅದನ್ನು ಲಕೋಟೆ ಸಹಿತ ತರಬೇಕೆಂದು ಪ್ರಾರ್ಥನೆ.